ದ್ಯಾಮವ್ವನ ಹೋತ ತಿಂದ ಮೋಟಾರು

ಆಗ ನನಗೆ ಮೂವತ್ತಾರು. ನಲವತ್ತು ವರ್ಷದ ಮೇಲಾಯಿತು. ನಮ್ಮ ಸೀಮೆ ಮುಂಬಯಿ ಸರಕಾರ ಬಿಟ್ಟು ಮೈಸೂರಿನ ಕಡೆ ಸೇರಿದ ವರ್ಷ ಅದು. ಇಷ್ಟು ದಿನವಾದರೂ ಬೆಳ್ಳಟ್ಟಿಯಲ್ಲಿ ಯಾರ ಮನೆ ಮುಂದಾದರೂ ಹೊಸ ಗಾಡಿ ಬಂದು ನಿಂತರೆ ನಾನು ಹೊರಗೆ ಹೋಗಿ ನೋಡುವುದಿಲ್ಲ. ಅಜ್ಜಿಗೆ ಮೊಣಕಾಲು ನೋವು ಎಂದು ಮೊಮ್ಮಕ್ಕಳು ತಿಳಿದಿದ್ದಾರೆ. ಮೊಣಕಾಲು ಗಟ್ಟಿಯಾಗಿಯೇ ಇವೆ. ಇದು ನಾಚಿಕೆ. ತಪ್ಪು ಮಾಡಿದ ನಾಚಿಕೆಯಾದರೆ ಹೇಗೋ ಕಳೆಯುತ್ತದೆ, ಕಾಲು ಹಿಡಿದುಕೊಂಡರೆ ಮುಗಿಯಿತು. ದಡ್ಡಿಯಾದ ನಾಚಿಕೆಗೆ ಯಾರ ಕಾಲು ಹಿಡಿಯುವುದು? ನಾನು ಶಾಲೆಯಲ್ಲಿ ಎರಡನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವಳು, ಬರೆಯುವಾಗ ಎಲ್ಲಾದರೂ ಒತ್ತು ಬಿದ್ದುಹೋಗಿದ್ದರೆ ಓದುವವರೇ ಹಚ್ಚಿಕೊಳ್ಳಬೇಕು. ಸಂಗತಿಯಲ್ಲಿ ಮಾತ್ರ ಏನನ್ನೂ ಬಿಡುವುದಿಲ್ಲ.

ಆ ಕಾಲಕ್ಕೆ ನಮ್ಮ ಊರಿನಲ್ಲಿ ನನಗೊಂದು ಹೆಸರಿತ್ತು. ಫಕೀರವ್ವ ನೋಡಿ ಹೂಂ ಅಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎನ್ನುವ ಹೆಸರು. ಎಮ್ಮೆ ಕೊಳ್ಳುವವರು, ಗಡಿಗೆ ಕೊಳ್ಳುವವರು, ಬೀಜದ ಜೋಳ ಕೊಳ್ಳುವವರು, ಎಲ್ಲರೂ ನನ್ನನ್ನು ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ಈ ಹೆಸರು ಹೇಗೆ ಬಂತೆಂದು ಹೇಳಿದರೆ ನೀವು ನಗುತ್ತೀರಿ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮಾವ ಮುಂಡರಗಿ ಸಂತೆಯಲ್ಲಿ ಒಂದು ಎತ್ತು ನೋಡುತ್ತಿದ್ದರು. ಅದರ ಕಣ್ಣು ಥೇಟು ನನ್ನ ಅತ್ತೆಯ ಕಣ್ಣಿನ ಹಾಗೆ ಇತ್ತು. ದಿನಾ ಎರಡು ಜೊತೆ ಅಂಥ ಕಣ್ಣಿನ ಎದುರಿಗೆ ಬಾಳುವೆ ಮಾಡುವುದು ನನ್ನಿಂದಾಗದು ಎಂದು ನಾನು ಬೇಡ ಎಂದೆ. ಕಾರಣ ಹೇಳುವ ಹಾಗಿರಲಿಲ್ಲ, ಆದ್ದರಿಂದ ಬರೀ ಬೇಡ ಎಂದೆ. ಅದನ್ನು ಬೇರೆ ಯಾರೋ ಕೊಂಡರು, ವಾರದೊಳಗೆ ಅದು ಸತ್ತುಹೋಯಿತು. ಅಂದಿನಿಂದ ನಾನು ಜಾಣೆ. ಒಮ್ಮೆ ಜಾಣೆ ಅನ್ನಿಸಿಕೊಂಡ ಮೇಲೆ ಬಹಳ ಮಾಡಬೇಕಾದದ್ದೇನೂ ಇಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ಪದಾರ್ಥದ ಸುತ್ತ ಒಂದು ಸುತ್ತು ಬರಬೇಕು, ಮಾರುವವನ ಮುಖ ನೋಡಬಾರದು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೂಂ ಎನ್ನಬೇಕು. ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಮಾತ್ರ ನನ್ನ ಹೂಂ ಮೇಲೆ ಅಷ್ಟು ಭರವಸೆ ಇರಲಿಲ್ಲ. ಅವರು ಮಾತಾಡುವವರಲ್ಲ, ಆದ್ದರಿಂದ ನನಗೆ ಗೊತ್ತಾಗಲಿಲ್ಲ.

ನನ್ನ ಮೈದುನ ಶಿವಪುತ್ರ. ಅತ್ತೆ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಉಣಿಸಿ ತಿನಿಸಿ ಬೆಳೆಸಿದವಳು ನಾನು. ದೊಡ್ಡವನಾದ ಮೇಲೆ ಶಿರಹಟ್ಟಿ ಗದಗಿನ ನಡುವೆ ಯಾರದೋ ಸರ್ವಿಸ್ ಗಾಡಿ, ಮಂದಿಯನ್ನು ಸಾಗಿಸುವ ಬಸ್ಸು, ಹೊಡೆಯುತ್ತಿದ್ದ. ಸ್ವಂತ ಮೋಟಾರು ಕೊಂಡು ಬಾಡಿಗೆಗೆ ಬಿಡಬೇಕು ಎಂದು ಅವನ ತಲೆ ಹೊಕ್ಕಿತ್ತು. ರಾಜ್ಯ ಒಂದಾಗುತ್ತದೆ, ಇನ್ನು ಮಂದಿ ಕಚೇರಿ ಕೆಲಸಕ್ಕೆ ಎಲ್ಲೆಲ್ಲಿಗೋ ಓಡಾಡಬೇಕಾಗುತ್ತದೆ, ಮೋಟಾರು ಇದ್ದವನೇ ಸಾಹುಕಾರ ಎನ್ನುತ್ತಿದ್ದ. ಅಷ್ಟರಲ್ಲಿ ಹೊಂಬಳದ ಚನ್ನಬಸಪ್ಪನ ಮಗಳು ನೀಲವ್ವನನ್ನು ನೋಡಿ ಬಂದೆವು. ನೋಡಿ ಬಂದ ಮಾರನೆಯ ದಿನದಿಂದ ಶಿವಪುತ್ರ ತಲೆಗೆ ಎಣ್ಣೆ ಹಚ್ಚಿ ಬಾಚತೊಡಗಿದ. ಅದಕ್ಕೆ ಮುಂಚೆ ಅವನ ತಲೆಗೆ ಬಾಚಣಿಕೆ ಹಬ್ಬಕ್ಕೊಮ್ಮೆ ತಾಗುತ್ತಿತ್ತು. ಚನ್ನಬಸಪ್ಪ ಒಂದೇ ಮಾತು ಹೇಳಿದ್ದ. ಮಂದಿಯ ಗಾಡಿ ಹೊಡೆಯುವವನಿಗೆ ಹೆಣ್ಣು ಕೊಡಲಾರೆ, ಸ್ವಂತದ್ದು ಬರಲಿ, ನಾನೇ ಬಂದು ಕಣ್ಣಾರೆ ನೋಡಿ ನಿಶ್ಚಯ ಮಾಡಿಕೊಂಡು ಹೋಗುತ್ತೇನೆ. ಶಿವಪುತ್ರ ಮರುದಿನವೇ ನೌಕರಿ ಬಿಟ್ಟ. ಹೀಗಾಗಿ ಹೆಂಡತಿ, ಅನ್ನ ಎರಡೂ ಒಂದು ಮೋಟಾರಿನ ಮೇಲೆ ನಿಂತವು. ಆ ಮೋಟಾರನ್ನು ಆರಿಸುವುದು ಯಾರು? ಇನ್ಯಾರು, ನಾನೇ.

ದೀಪಾವಳಿ ಪಾಡ್ಯ ಮುಗಿದಿತ್ತಷ್ಟೆ. ಗದಗಿನಲ್ಲಿ ಹಳೆಯ ಮೋಟಾರು ತಂದು ಮಾರುವ ವ್ಯಾಪಾರಿಯೊಬ್ಬನಿದ್ದ. ಮನೆಯವರು, ಶಿವಪುತ್ರ, ನಾನು ಮೂವರೂ ಹೋದಾಗ ಅವನ ಅಂಗಳದಲ್ಲಿ ಒಂದು ಕರಿ ಮೋಟಾರು ನಿಂತಿತ್ತು, ನಮ್ಮ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಹೊಳೆಯಾಚೆಯ ಯಾರೋ ದೇಸಾಯರ ಮನೆಯದಂತೆ, ಮದುವೆ ಮುಂಜಿಗೆ ಬಿಟ್ಟರೆ ಹೊರಗೇ ಬಂದಿಲ್ಲವಂತೆ. ಲಕ್ಷ್ಮೀಪೂಜೆಗೆ ಅದಕ್ಕೂ ಪೂಜೆ ಮಾಡಿದ್ದರು. ಬಲಗಡೆ ಮುಂದಿನ ಮಡ್ಗಾರ್ಡಿನ ಮೇಲೆ ತೋರ ಚೆಂಡುಹೂವಿನ ಮಾಲೆ, ವಿಭೂತಿ, ಕುಂಕುಮ, ಕಬ್ಬಿನ ಗರಿ. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಸುತ್ತು ಬಂದೆ. ಮನೆಯವರು ಆ ಮಾಲೆಯನ್ನು ಎತ್ತಿ ಕೆಳಗೆ ಏನಿದೆ ನೋಡಲು ಕೈ ಹಾಕಿದರು. ಪೂಜೆ ಕಟ್ಟಿದ್ದನ್ನು ಕೀಳುತ್ತಾರೇನು, ನಿಮಗೆ ದೇವರು ದಿಂಡರು ಇಲ್ಲವೇನು ಎಂದು ಎಲ್ಲರ ಎದುರಿಗೆ ಗದರಿಸಿದೆ. ಅವರು ಕೈ ಹಿಂದೆ ತೆಗೆದುಕೊಂಡರು. ವ್ಯಾಪಾರಿ ನನ್ನ ಕಡೆ ತಿರುಗಿ ಕೈ ಮುಗಿದ. ಎಂಥ ಭಕ್ತ ಎಂದುಕೊಂಡೆ. ಮಾಲೆಯ ಹತ್ತಿರ ಬಗ್ಗಿದಾಗ ಮೆಂತ್ಯದ ವಾಸನೆ ಬಂದದ್ದೂ ನಿಜ. ಊಟದ ಹೊತ್ತು, ಯಾರದೋ ಮನೆಯಲ್ಲಿ ಪಲ್ಯ ಮಾಡುತ್ತಿದ್ದಾರೆ ಎಂದುಕೊಂಡೆ. ಮೂಗಿಗೆ ಗೊತ್ತಾಗಿತ್ತು, ನನಗೆ ಗೊತ್ತಾಗಲಿಲ್ಲ.

ನಡಿಗೆ ನೋಡದೆ ನಾನು ಯಾವ ದನವನ್ನೂ ಕೊಂಡವಳಲ್ಲ. ಓಡಿಸಿ ತೋರಿಸಿ ಎಂದೆ. ಶಿವಪುತ್ರನೇ ಹತ್ತಿ ಅಂಗಳದಲ್ಲಿ ಆ ತುದಿ ಈ ತುದಿ ಓಡಿಸಿದ. ಇಳಿದು ಬಂದು, ವೈನಿ, ಇದು ಎಡಕ್ಕ ಎಳಿತೈತಿ, ಬಿಟ್ರ ಗೋಡಿಗೆ ಹೋಗತೈತಿ ಎಂದ. ವ್ಯಾಪಾರಿ ಬಾಯಿ ತೆಗೆಯುವುದರೊಳಗೆ ನಾನೇ ಉತ್ತರ ಕೊಟ್ಟೆ. ಎಡಗಡೆ ಹೂಡಿ ರೂಢಿಯಾದ ಎತ್ತು ಎಡಕ್ಕೇ ಎಳೆಯುತ್ತದೆ, ಅದು ರೋಗವಲ್ಲ, ರೂಢಿ. ನಾಲ್ಕು ದಿನ ನಮ್ಮ ಕೈಯಲ್ಲಿ ನಡೆದರೆ ಸರಿಹೋಗುತ್ತದೆ ಎಂದೆ. ವ್ಯಾಪಾರಿ ಬಾಯಿ ಮುಚ್ಚಿಕೊಂಡ. ಅಮ್ಮನವರು ಬಲ್ಲವರು, ನಾ ಏನ ಹೇಳೂದೈತಿ ಎಂದಷ್ಟೇ ಅಂದ. ಈಗ ನೆನೆಸಿಕೊಂಡರೆ ಆ ದಿನ ಅವನು ನಮಗೆ ಒಂದೂ ಸುಳ್ಳು ಹೇಳಲಿಲ್ಲ, ದೇಸಾಯರ ಮಾತೊಂದು ಬಿಟ್ಟರೆ. ಬೇಕಾದ ಸುಳ್ಳನ್ನೆಲ್ಲ ನಾನೇ ಹೇಳಿಕೊಂಡೆ. ಅವನು ಹೂಂ ಅಂದ, ಅಷ್ಟೆ. ನನ್ನ ಕಸುಬನ್ನು ಅವನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಮೋಟಾರು ಬೆಳ್ಳಟ್ಟಿಗೆ ಬಂತು, ಮಾಲೆ ಒಣಗಿ ತಾನೇ ಉದುರಿತು. ಕೆಳಗೆ ಬಣ್ಣ ಫಳಫಳ ಹೊಳೆಯುತ್ತಿತ್ತು, ನೋಡಿ ಮನೆಯವರಿಗೆ ಮತ್ತೊಂದು ಮಾತು ಅಂದೆ. ಚನ್ನಬಸಪ್ಪ ಬರುವ ದಿನ ಗೊತ್ತಾಯಿತು. ಆ ದಿನ ನನ್ನ ಕೈತುಂಬ ಕೆಲಸ, ಯಾಕೆಂದರೆ ಮದುವೆಯ ಮನೆಗೆ ಬುಟ್ಟಿ ಸಾಲುವುದಿಲ್ಲ. ನಮ್ಮ ಕಡೆ ಹಳೆಯ ಬಿದಿರು ಬುಟ್ಟಿ ಸಡಿಲಾದರೆ ಎಸೆಯುವುದಿಲ್ಲ. ಮೆಂತ್ಯ ನೆನೆಯಿಟ್ಟು, ರದ್ದಿ ಕಾಗದವನ್ನೂ ನೆನೆಯಿಟ್ಟು, ಎರಡನ್ನೂ ಒರಳಲ್ಲಿ ರುಬ್ಬಿ, ಆ ಹಿಟ್ಟನ್ನು ಬುಟ್ಟಿಗೆ ಒಳಗೆ ಹೊರಗೆ ಬಳಿದು ಬಿಸಿಲಿಗೆ ಇಡುತ್ತೇವೆ. ಒಣಗಿದರೆ ಕಟ್ಟಿಗೆಯಷ್ಟು ಗಟ್ಟಿ, ಹಿಟ್ಟು ತುಂಬಿದರೂ ಸೋರುವುದಿಲ್ಲ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ, ಇದು ಸುಳ್ಳು ಜಂಬವಲ್ಲ. ಚನ್ನಬಸಪ್ಪ ಮತ್ತು ಅವನ ಅಣ್ಣ ಬಂದು ಇಳಿದಾಗ ಗೋಡೆಗುಂಟ ಹೊಸದಾಗಿ ಬಳಿದ ಬುಟ್ಟಿಗಳ ಸಾಲು ಒಣಗುತ್ತಿತ್ತು, ಮೋಟಾರು ಅದರ ಪಕ್ಕದಲ್ಲೇ ನಿಂತಿತ್ತು. ನಾನು ಮೊಣಕೈವರೆಗೆ ಮೆಂತ್ಯದ ಹಿಟ್ಟಿನಲ್ಲಿದ್ದೆ. ಕೈ ತೊಳೆದುಕೊಂಡೆ, ಉಗುರಿನ ಸಂದಿಯದು ಹೋಗಲಿಲ್ಲ.

ಕಟ್ಟೆಯ ಮೇಲೆ ಕೂಡಿಸಿ ಉಪ್ಪಿಟ್ಟು ಕೊಟ್ಟು ಚಹ ಕೊಟ್ಟು ಮಾತಿಗೆ ಕುಳಿತೆ. ನಾನು ಅಲ್ಲಿಯೇ ಸುಮ್ಮನಿದ್ದರೆ ಮುಂದಿನದು ಅರ್ಧವಾದರೂ ತಪ್ಪುತ್ತಿತ್ತು. ಈ ಮೋಟಾರನ್ನು ನಾನೇ ಪರೀಕ್ಷೆ ಮಾಡಿದೆ, ತಲೆಯಿಂದ ಕಾಲಿನವರೆಗೆ ಒಂದು ಜಾಗ ಬಿಡದೆ ನೋಡಿದೆ, ಗದಗಿನ ಆ ವ್ಯಾಪಾರಿ ನನಗೆ ಕೈ ಮುಗಿದ, ನನಗೆ ಮೋಸ ಮಾಡುವವ ಇನ್ನೂ ತಾಯಿ ಹೊಟ್ಟೆಯಲ್ಲಿದ್ದಾನೆ ಎಂದೆಲ್ಲ ಹೇಳಿದೆ. ಮುಂಡರಗಿಯ ಎತ್ತಿನ ಕತೆಯನ್ನೂ ಹೇಳಿದೆ, ಅತ್ತೆಯ ಕಣ್ಣಿನ ಮಾತು ಬಿಟ್ಟು. ಚನ್ನಬಸಪ್ಪ ತಲೆ ಆಡಿಸುತ್ತ ಕೇಳಿದ. ಶಿವಪುತ್ರ ಕರಿಯ ಮೈಯನ್ನು ಹಸಿ ಅರಿವೆಯಿಂದ ಮತ್ತೊಮ್ಮೆ ಒರೆಸಿ ಕನ್ನಡಿ ಮಾಡಿ ನಿಲ್ಲಿಸಿದ್ದ.

ಆಗ ದ್ಯಾಮವ್ವನ ಹೋತ ಬಂತು. ದೇವಿಗೆ ಬಿಟ್ಟ ಹೋತ, ಊರೆಲ್ಲ ತಿರುಗುತ್ತಿತ್ತು. ಯಾರ ಮನೆಯ ಜೋಳಕ್ಕೆ ಬಾಯಿ ಹಾಕಿದರೂ ಯಾರೂ ಹೊಡೆಯುತ್ತಿರಲಿಲ್ಲ. ಗಡ್ಡ ಎದೆಯವರೆಗೆ ಇಳಿದಿತ್ತು, ನಾತ ಎರಡು ಓಣಿಯಾಚೆಯಿಂದ ಬರುತ್ತಿತ್ತು. ಅದು ಮೋಟಾರಿನ ಮುಂದೆ ನಿಂತು ಮಡ್ಗಾರ್ಡಿನೊಳಗೆ ನೋಡಿತು. ಒಳಗಿನಿಂದ ಇನ್ನೊಂದು ಹೋತ ಇದನ್ನು ನೋಡಿತು. ಇದು ಹಣೆ ತಗ್ಗಿಸಿತು, ಅದೂ ತಗ್ಗಿಸಿತು. ನಾನು ಬೀಗರ ಕಡೆ ತಿರುಗಿ, ನೋಡಿದಿರಾ, ದೇವಿಯ ಹೋತ ಗಾಡಿಗೆ ಹಣೆ ಹಚ್ಚುತ್ತಿದೆ, ಇದಕ್ಕಿಂತ ಶುಭ ಶಕುನ ಬೇಕೇ ಎಂದು ಕೈ ಮುಗಿದೆ. ಪಾಪ, ಅವರೂ ಕೈ ಮುಗಿದರು. ಹೋತ ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿ ಬಂದು ಗುದ್ದಿತು.

ಕಬ್ಬಿಣವಾಗಿದ್ದರೆ ಟಣ್ ಎನ್ನಬೇಕಿತ್ತು. ಅದು ಧಪ್ ಎಂದಿತು. ಆ ಸಪ್ಪಳ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಬಳಿದ ಬುಟ್ಟಿ ಒಣಗಿತೋ ಇಲ್ಲವೋ ನೋಡಲು ದಿನಾ ಬೆರಳು ಮಡಚಿ ಬಡಿಯುವವಳು ನಾನು. ಹೋತ ಮತ್ತೊಮ್ಮೆ ಗುದ್ದಿತು. ಬಣ್ಣ ಸೀಳಿ ರೊಟ್ಟಿಯಗಲ ಒಂದು ಹಕ್ಕಳೆ ಎದ್ದು ಕೆಳಗೆ ಬಿತ್ತು. ಅದನ್ನು ಹೋತ ಮೂಸಿತು, ಬಾಯಲ್ಲಿ ಹಿಡಿಯಿತು, ಅಗಿಯತೊಡಗಿತು. ಇನ್ನೊಂದು ಚೂರು ತಾನೇ ಕಿತ್ತು ತಿಂದಿತು. ದೇವಿಯ ಹೋತ, ಓಡಿಸುವವರು ಯಾರು? ನಾವೆಲ್ಲ ನಿಂತು ನೋಡಿದೆವು, ಅದು ನಿಧಾನವಾಗಿ, ಗಡ್ಡ ಆಡಿಸುತ್ತ ನಮ್ಮ ಮೋಟಾರನ್ನು ತಿಂದಿತು. ತಿಂದ ಕಡೆಯೆಲ್ಲ ಮರಾಠಿ ಅಕ್ಷರದ ಕಾಗದ ಕಾಣಿಸಿತು. ಕಾಗದದ ಹಿಂದೆ ಕಬ್ಬಿಣ ಹರಿದು, ಒಳಕ್ಕೆ ಮಡಚಿಕೊಂಡಿತ್ತು. ಶಿವಪುತ್ರ ಕೆಳಗೆ ಮಲಗಿ ನೋಡಿದ. ಒಳಗಿನ ತೊಲೆಯೇ ಬಾಗಿದೆ, ತಂತಿ ಸುತ್ತಿ ಬಿಗಿದಿದ್ದಾರೆ, ಇದು ಯಾವುದೋ ಮರಕ್ಕೋ ಲಾರಿಗೋ ಬಡಿದು ಬಂದ ಗಾಡಿ ಎಂದ. ಎಡಕ್ಕೆ ಎಳೆಯುವುದು ಎತ್ತಿನ ರೂಢಿಯಲ್ಲ ಎಂಬುದು ನನಗೂ ಆಗ ತಿಳಿಯಿತು.

ಚನ್ನಬಸಪ್ಪ ಬಗ್ಗಿ ಒಂದು ಚೂರು ಎತ್ತಿಕೊಂಡು ಮೂಸಿದ. ಗೋಡೆಗುಂಟ ಒಣಗುತ್ತಿದ್ದ ಬುಟ್ಟಿ ನೋಡಿದ. ಆಮೇಲೆ ನನ್ನ ಉಗುರು ನೋಡಿದ. ನಾನು ಕೈ ಸೆರಗಿನೊಳಗೆ ಇಟ್ಟುಕೊಂಡೆ. ಅದು ಇನ್ನೂ ಕೆಟ್ಟದ್ದಾಯಿತು.

"ಛಲೋ ಬಳದೀರಿ," ಎಂದ ಅವನು.

ನಾನು ಬಳಿದದ್ದಲ್ಲ, ಅಲ್ಲಿಂದ ಹೀಗೇ ಬಂದದ್ದು, ನಮಗೆ ಮೋಸವಾಗಿದೆ ಎಂದೆ. ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬಂದಿದ್ದರೆ ನನಗೂ ಜಗಳ ಮಾಡಲು ಅನುಕೂಲವಾಗುತ್ತಿತ್ತು.

"ಫಕೀರವ್ವಾರ, ಬ್ಯಾರೆ ಯಾರರ ಹಿಂಗ ಅಂದಿದ್ರ ನಂಬತಿದ್ದೆ. ನಿಮಗ ಮೋಸ ಮಾಡಾಂವ ಇನ್ನೂ ತಾಯಿ ಹೊಟ್ಟ್ಯಾಗ ಅದಾನು, ಈಗ ನೀವ ಹೇಳಿದ್ರಿ. ಅಂದ ಮ್ಯಾಲೆ ಗೊತ್ತಿದ್ದ ನಿಲ್ಲಿಸೀರಿ. ಮುರಕ ಗಾಡಿಗೆ ಬುಟ್ಟಿ ಬಳದಂಗ ಬಳದು ಹೆಣ್ಣ ಕೇಳೋ ಮನಿಗೆ ನಾ ಮಗಳನ್ನ ಹ್ಯಾಂಗ ಕೊಡ್ಲಿ?"

ಅಷ್ಟು ಹೇಳಿ, ಅರ್ಧ ಕುಡಿದ ಚಹ ಕಟ್ಟೆಯ ಮೇಲೆ ಇಟ್ಟು, ಅಣ್ಣನನ್ನು ಕರೆದುಕೊಂಡು ಹೋದ. ನಾನು ಬಾಗಿಲಲ್ಲಿ ನಿಂತಿದ್ದೆ. ಕಳ್ಳಿ ಎನ್ನಿಸಿಕೊಳ್ಳಬೇಕು, ಇಲ್ಲವೇ ದಡ್ಡಿ ಎನ್ನಿಸಿಕೊಳ್ಳಬೇಕು, ಮೂರನೆಯ ದಾರಿ ಇರಲಿಲ್ಲ. ದಡ್ಡಿ ಎನ್ನಲು ಬಾಯಿ ತೆರೆದರೂ ಯಾರೂ ನಂಬುವಂತಿಲ್ಲ. ಇಪ್ಪತ್ತು ವರ್ಷ ಹೂಂ ಅಂದು ಅಂದು ನಾನೇ ಆ ಬಾಗಿಲು ಹಾಕಿಕೊಂಡಿದ್ದೆ. ಮನೆಯವರು ಹೊರಗೆ ಬಂದು ಹೋತಕ್ಕೆ ಒಂದು ತಂಬಿಗೆ ನೀರು ಇಟ್ಟು ಒಳಗೆ ಹೋದರು. ಅವರು ಆ ದಿನ ಒಂದು ಮಾತು ಅಂದಿದ್ದರೆ ನಾನು ಅವರಿಗೆ ಜೀವನವೆಲ್ಲ ಋಣಿಯಾಗಿರುತ್ತಿದ್ದೆ.

ಸಂಜೆ ದೀಪ ಹಚ್ಚುವಾಗ ಶಿವಪುತ್ರ ಬಂದು ಒಲೆಯ ಹತ್ತಿರ ಕುಳಿತ. ಊದುವ ಕೊಳವೆಯಿಂದ ಬೂದಿ ಕೆದರಿದ. ಆಮೇಲೆ ತಲೆ ಎತ್ತದೆ ಕೇಳಿದ.

"ವೈನಿ, ನನ್ನ ಮದುವಿ ಆಗಲಿ ಅಂತನ ಮಾಡಿರ್ತೀರಿ, ನನಗ ಗೊತ್ತೈತಿ. ಆದ್ರ ಖರೆ ಹೇಳ್ರಿ. ಹಿಟ್ಟು ನಿಮ್ಮದ ಹೌದಲ್ಲೊ?"

ನಾನು ಉಣಿಸಿ ಬೆಳೆಸಿದ ಹುಡುಗ. ಅವನಿಗೂ ನಾನು ಕಳ್ಳಿಯಾಗಿ ಕಂಡೆ, ದಡ್ಡಿಯಾಗಿ ಕಾಣಲಿಲ್ಲ. ಇದಕ್ಕೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಅಳುವವಳಲ್ಲ. ರೊಟ್ಟಿ ಬಡಿದೆ, ಯಾರೂ ಉಣ್ಣಲಿಲ್ಲ.

ಹೊಂಬಳದವರು ಕೊನೆಗೆ ಹೆಣ್ಣು ಕೊಟ್ಟರೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಕೊಟ್ಟರು. ನೀಲವ್ವ ಈಗಲೂ ಈ ಮನೆಯಲ್ಲೇ ಇದ್ದಾಳೆ, ನಾನು ಇದನ್ನು ಬರೆಯುವಾಗ ಪಡಸಾಲೆಯಲ್ಲಿ ಕಾಳು ಆರಿಸುತ್ತಿದ್ದಾಳೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಒಂದು ದಿನ ಹೇಳಿದಳು, ಇಷ್ಟ ಶಾಣ್ಯಾ ಹೆಂಗಸಿನ ಕೈಯಾಗ ಹ್ಯಾಂಗ ಬಾಳೇ ಮಾಡ್ಲಿ ಅಂತ ಹೆದರಿದ್ದೆರಿ ಅಕ್ಕಾ, ನಿಮ್ಮ ಕತಿ ಕೇಳಿದ ಮ್ಯಾಲೆ ಧೈರ್ಯ ಬಂತು. ಮೋಟಾರನ್ನು ಒಬ್ಬ ಕಮ್ಮಾರ ಕಾಸಿ ಬಡಿದು ನೆಟ್ಟಗೆ ಮಾಡಿದ, ಶಿವಪುತ್ರ ಅದನ್ನು ಲಕ್ಷ್ಮೇಶ್ವರದ ದಾರಿಯಲ್ಲಿ ಬಹಳ ವರ್ಷ ಓಡಿಸಿದ. ಎಡಕ್ಕೆ ಎಳೆಯುವುದು ಪೂರ್ತಿ ಬಿಡಲಿಲ್ಲ. ಗದಗಿನ ವ್ಯಾಪಾರಿಯ ಹತ್ತಿರ ಜಗಳಕ್ಕೂ ಹೋಗಿದ್ದೆವು. ಅವನು ನನಗೆ ಮತ್ತೆ ಕೈ ಮುಗಿದು, ಏನೂ ತಿಳಿಯದವರು ಬಂದರೆ ಮಾಲೆ ಎತ್ತಿಸಿ ಬಡಿದು ನೋಡುತ್ತಾರೆ, ನಿಮ್ಮಂಥ ಬಲ್ಲವರು ಬಂದರೇ ನಮಗೆ ಅನುಕೂಲ ಎಂದ. ಅದೆಲ್ಲ ಆಮೇಲಿನ ಮಾತು. ಇಷ್ಟಕ್ಕೆಲ್ಲ ದಾರಿಯಾದದ್ದು ಹೋತ ಗುದ್ದಿದ ಮರುದಿನ ಬೆಳಿಗ್ಗೆ.

ಮರುದಿನ ಬೆಳಿಗ್ಗೆ ನಾನು ಎದ್ದವಳೇ ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಮನೆಯಲ್ಲಿ ನೀರಿತ್ತು. ಊರಿನ ಹೆಂಗಸರೆಲ್ಲ ಅಲ್ಲಿರುತ್ತಾರೆಂದು ಹೋದೆ. ನನಗೆ ಮೋಸವಾಯಿತು, ನಾನು ದಡ್ಡಿ, ಇದನ್ನು ನೀವು ನಂಬಬೇಕು, ಯಾರಾದರೂ ಒಬ್ಬರು ಹೊಂಬಳಕ್ಕೆ ಬಂದು ಹೇಳಬೇಕು ಎಂದು ಕೇಳಿಕೊಳ್ಳಬೇಕೆಂದು ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದೆ. ಮಾಲೆ ಎತ್ತಬೇಡಿ ಎಂದದ್ದು, ಎಡಗಡೆಯ ಎತ್ತು, ಮೆಂತ್ಯದ ವಾಸನೆ, ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಎದುರುಮನೆಯ ಗೌರವ್ವ ಹಗ್ಗ ಸೇದುವುದನ್ನು ನಿಲ್ಲಿಸದೆ ಹೇಳಿದಳು.

"ಇದರಾಗ ನಂಬೂದು ಏನೈತ್ರಿ. ನೀವು ಆರಿಸಿದ ಎಮ್ಮಿ ನಮ್ಮ ಮನ್ಯಾಗ ಇವತ್ತಿನ ತನಕ ಗಬ್ಬ ಆಗಿಲ್ಲ."

ಇನ್ನೊಬ್ಬಳು ನಾನು ಬಡಿದು ನೋಡಿ ಕೊಡಿಸಿದ ಗಡಿಗೆ ಮೊದಲ ದಿನವೇ ಸೋರಿತೆಂದಳು. ಮತ್ತೊಬ್ಬಳು ನಾನು ಹೂಂ ಅಂದ ಬೀಜದ ಜೋಳ ಮೊಳೆಯದೆ ಅರ್ಧ ಹೊಲ ಮತ್ತೆ ಬಿತ್ತಿದ್ದನ್ನು ಹೇಳಿದಳು. ಹಿಂದೆ ನಿಂತವರು ತಮ್ಮ ಪಾಳಿಗೆ ಕಾಯುತ್ತಿದ್ದರು. ಹಾಗಾದರೆ ಇಷ್ಟು ವರ್ಷ ನನ್ನನ್ನು ಯಾಕೆ ಕರೆಯುತ್ತಿದ್ದಿರಿ ಎಂದೆ. ಕರೀದಿದ್ರ ನೀವು ಬಿಡತಿದ್ರೇನು ಎಂದಳು ಗೌರವ್ವ.

ಹೊಂಬಳಕ್ಕೆ ಬರುತ್ತೀಯಾ ಎಂದು ಕೇಳಿದೆ. ಕೊಡ ಅಲ್ಲೇ ಇಟ್ಟು ಮನೆಗೆ ಹೋಗಿ, ಮುಖ ತೊಳೆದು, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಸರ್ವಿಸ್ ಗಾಡಿಯಲ್ಲಿ ಕಿಟಕಿಯ ಜಾಗ ಅವಳಿಗೆ ಬಿಟ್ಟುಕೊಟ್ಟೆ. ಗದಗಿನವರೆಗೂ ಅವಳು ಚನ್ನಬಸಪ್ಪನ ಮುಂದೆ ಏನೇನು ಹೇಳಬೇಕೆಂದು ಬೆರಳು ಮಡಚುತ್ತ ನೆನಪು ಮಾಡಿಕೊಂಡಳು. ನಡುವೆ ಒಂದು ಕಡೆ ತಡವರಿಸಿದಾಗ, ಅವಳ ಮನೆಗೆ ನಾನು ಕೊಡಿಸಿದ್ದ ಕುಂಟ ಹೋರಿಯನ್ನು ನಾನೇ ನೆನಪು ಮಾಡಿಕೊಟ್ಟೆ.